ಒಂಬತ್ತು ಡಿಗ್ರಿ

ಇಸ್ತ್ರಿ ಎತ್ತಿದ ಮೇಲೆ ಪ್ಯಾಂಟು ನನ್ನ ಕೈಗೆ ಬರುತ್ತದೆ.
ಮೂರು ಮಡಿಕೆ, ಒಂದು ತಟ್ಟು, ಹನ್ನೆರಡಕ್ಕೊಂದು ಕಟ್ಟು.
ಬಟ್ಟೆ ಏನೂ ಅನ್ನುವುದಿಲ್ಲ.
ಸೊಂಟದ ಹಿತ್ತಾಳೆ ಗುಂಡಿ ಮಾತ್ರ
ಹೆಬ್ಬೆರಳಿಗೆ ತಗುಲಿದ್ದೇ ತಡ
ತನಗೆ ಸಿಕ್ಕಿದ್ದನ್ನೆಲ್ಲ ಒಂದೇ ಏಟಿಗೆ
ನನಗೆ ದಾಟಿಸಿಬಿಡುತ್ತದೆ.

ದಿನಕ್ಕೆ ಆರುನೂರು ಗುಂಡಿ.
ಹನ್ನೊಂದು ವರ್ಷಕ್ಕೆ ಬೆರಳಿನ ಗೆರೆ ಸವೆದು
ರೇಷನ್ ಅಂಗಡಿಯ ಮಿಷನ್ನು ನನ್ನನ್ನು ನಂಬುವುದಿಲ್ಲ.
"ಇನ್ನೊಂದು ಬೆರಳು ಇಡಪ್ಪ" ಅನ್ನುತ್ತಾನೆ.
ಇಡುತ್ತೇನೆ. ಅದನ್ನೂ ನಂಬುವುದಿಲ್ಲ.

ಕೌಲ್ ಬಜಾರಿನ ನಮ್ಮ ಶೆಡ್ಡಿನ ತಗಡಿಗೆ
ಬೆಳಗ್ಗೆ ಎಂಟಕ್ಕೇ ಪಿತ್ತ ನೆತ್ತಿಗೇರುತ್ತದೆ,
ರಾತ್ರಿ ಎಂಟಕ್ಕೆ ಏನೂ ಆಗಿಲ್ಲವೆಂಬಂತೆ
ಟಣ್ ಟಣ್ ಎಂದು ಕುಗ್ಗಿ ತಣ್ಣಗಾಗುತ್ತದೆ.
ಮೂಲೆಯ ಹರವಿಯ ನೀರು
ಮಧ್ಯಾಹ್ನವೆಲ್ಲ ಕುಳಿತು ಯೋಚಿಸುತ್ತದೆ.

ಅಕ್ಕನ ಮಗಳು ಗಂಗೋತ್ರಿ
ಕರೆಂಟು ಹೋದಾಗ ಮೊಬೈಲ್ ಬೆಳಕಿನಲ್ಲಿ ಓದಿದಳು:
ನೀರು ಒಂದು ಡಿಗ್ರಿ ಏರುವಷ್ಟು ಶಾಖದಲ್ಲಿ
ಅದೇ ತೂಕದ ಕಬ್ಬಿಣ ಒಂಬತ್ತು ಡಿಗ್ರಿ ಏರುತ್ತದೆ.
"ಯಾಕೆ ಮಾಮಾ?"
"ನಿಮ್ಮ ಮೇಷ್ಟ್ರು ಏನಂದ್ರು?"
"ಬರ್ಕಳ್ರಿ ಅಂದ್ರು."

ಆ ರಾತ್ರಿಯಿಂದ ನಾನು ಜನರನ್ನು ತೂಗಲು ಶುರುಮಾಡಿದೆ.
ಇಸ್ತ್ರಿಯ ಗಾದಿಲಿಂಗ: ಕಬ್ಬಿಣ, ಅನುಮಾನವಿಲ್ಲ.
ಚೆಕಿಂಗಿನ ಜೈನಾಬಿ: ನೀರು.

ಮೇ ತಿಂಗಳಲ್ಲಿ ಮುಂಬಯಿಯಿಂದ ಮಾಲು ತಿರುಗಿ ಬಂತು.
ನಲವತ್ತು ಪ್ಯಾಂಟು,
ಮೊಣಕಾಲ ಮೇಲೆ ಇಸ್ತ್ರಿಯ ಕಂದು ಮೂತಿ.
ಮೇಸ್ತ್ರಿ ಬಂದ. ಸುಟ್ಟವನದೂ ನೋಡದೆ ಬಿಟ್ಟವಳದೂ
ಒಂದೊಂದು ದಿನದ ಕೂಲಿ ಕಟ್ ಎಂದ.
ಜೊತೆಗೊಂದು ಬೈಗುಳ, ಇಬ್ಬರಿಗೂ ಸೇರಿಸಿ ಒಂದೇ.

ಗಾದಿಲಿಂಗ ಕಿವಿಯವರೆಗೆ ಕೆಂಪಾದ,
ಮೇಜು ಒದ್ದ, ಟವೆಲು ಬಿಸಾಕಿದ,
ಇನ್ನು ಈ ಹೊಸಲು ತುಳಿದರೆ ಕೇಳು ಎಂದ.
ನಾಲ್ಕು ಗಂಟೆಯ ಚಹಾಕ್ಕೆ
ಅದೇ ಮೇಸ್ತ್ರಿಗೆ ಬೀಡಿ ಹಚ್ಚಿಕೊಡುತ್ತಿದ್ದ.

ಜೈನಾಬಿಯ ಕತ್ತರಿ ನಿಲ್ಲಲಿಲ್ಲ.
ಉಳಿದ ದಾರದ ತುದಿ, ಕಚಕ್, ಕಚಕ್.
ಆ ಮಾತು ಅವಳಿಗೆ ತಲುಪಲೇ ಇಲ್ಲವೇನೋ ಅಂದುಕೊಂಡೆವು.
ಮೇಲೆ ಕೈಯಿಟ್ಟು ನೋಡಿದರೆ
ನೀರಿನ ಲೆಕ್ಕ ಸಿಗುವುದಿಲ್ಲ.

ಈಗ ನನ್ನದನ್ನೂ ಹೇಳಬೇಕು.
ಗಾದಿಲಿಂಗ ಫೋನು ಬಂತೆಂದು ಹೊರಗೆ ಹೋದ ಆ ದಿನ
ಇಸ್ತ್ರಿ ಹಿಡಿದವನು ನಾನು.
ಬಿಸಿ ಎಷ್ಟಿಡಬೇಕೋ ಗೊತ್ತಿರಲಿಲ್ಲ,
ಕೇಳಲಿಲ್ಲ. ಸುಟ್ಟ ವಾಸನೆ ಬಂದಾಗ
ಬಾಯ್ಲರಿನದು ಎಂದುಕೊಂಡೆ.
ಮೇಸ್ತ್ರಿ ಬೈಯುವಾಗ ಕಟ್ಟು ಎಣಿಸುತ್ತ ನಿಂತಿದ್ದೆ,
ಹನ್ನೆರಡನ್ನು ಮೂರು ಸಲ.

ಒಂದು ತಿಂಗಳು ಕಳೆಯಿತು. ಓಟಿ ಮುಗಿಸಿ
ಗುಡ್ಡದ ಬುಡದ ಬಂಡೆಯ ಮೇಲೆ ಕುಳಿತಿದ್ದೆವು,
ಅವಳ ಆಟೋ ಬರುವವರೆಗೆ.
ಹತ್ತೂವರೆ. ಗಾಳಿ ತಂಪಾಗಿತ್ತು,
ಬಂಡೆ ಇನ್ನೂ ಮಧ್ಯಾಹ್ನದಲ್ಲೇ ಇತ್ತು.
ಅವಳು ಬುತ್ತಿಯ ಮುಚ್ಚಳ ಒರೆಸುತ್ತ
ಎಸರು ಕೊಂಚವೂ ಉಕ್ಕದ ದನಿಯಲ್ಲಿ ಕೇಳಿದಳು:
"ಆ ನಲವತ್ತು, ನಿಂದೇ ಅಲ್ವಾ?"

ಬೈದಿದ್ದರೆ ಬೆಳಗಾಗುವುದರೊಳಗೆ ಆರಿಹೋಗುತ್ತಿತ್ತು.

ಗಂಗೋತ್ರಿಯ ಪುಸ್ತಕದ ಪಟ್ಟಿಯಲ್ಲಿ
ನನ್ನನ್ನು ಹುಡುಕಿದೆ. ಸೀಸ, ಪಾದರಸ, ಮರಳು, ಎಣ್ಣೆ.
ಹಿತ್ತಾಳೆಯ ಹತ್ತಿರ ಬೆರಳು ನಿಂತಿತು,
ಪಕ್ಕದವನಿಗೆ ದಾಟಿಸಿ ತಣ್ಣಗಾಗುವ ಜಾತಿ.

ಶನಿವಾರ ಬಟವಾಡೆ. ಮೊದಲು ಗಾದಿಲಿಂಗನಿಗೆ ಕೊಟ್ಟೆ.
"ಯಾತಕ್ಕಲೇ?" ಎಂದ. ಹೇಳಿದೆ.
ಒಂದು ಏಟು ಬಿತ್ತು, ಆಮೇಲೆ ಮಿರ್ಚಿ ತಿನ್ನಿಸಿದ.

ಜೈನಾಬಿಯ ಕೈಗೆ ನಾನೂರು ಇಟ್ಟೆ.
ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.
ಸೀರೆಯ ಗಂಟು ಬಿಚ್ಚಿ ಹತ್ತರ ನೋಟು ತೆಗೆದು
"ನಂದು ಮುನ್ನೂರ ತೊಂಬತ್ತೇ" ಎಂದು ತಿರುಗಿ ಕೊಟ್ಟಳು.

ನೋಟು ಬೆಚ್ಚಗಿತ್ತು.